ಅಪ್ಪನ ರೋಲರ್

ಏಪ್ರಿಲ್ ೧೮, ಶನಿವಾರ. ಟಾಲಿಗಂಜ್, ಕಲ್ಕತ್ತೆ.

ಚರ್ಮದ ಗಂಟು ಮಂಚದ ಕೆಳಗಿದೆ. ಕೋಣೆಯೆಲ್ಲ ಅಪ್ಪನ ಅಂಗಿಯ ವಾಸನೆ.

ಬೈಲಹೊಂಗಲದ ನಮ್ಮ ಜಿನ್ನಿಂಗ್ ಫ್ಯಾಕ್ಟರಿಯನ್ನು ಕಟ್ಟಿದ್ದು ಮುತ್ತಜ್ಜ. ಅಪ್ಪ ಹೋದಮೇಲೆ ಬೀಗ ಬಿತ್ತು. ಈಗ ಅಣ್ಣ ಶಂಭು ಅದನ್ನು ಮೊದಲಿದ್ದ ಹಾಗೆಯೇ ಎಬ್ಬಿಸುತ್ತೇನೆಂದು ಹಟ ಹಿಡಿದಿದ್ದಾನೆ. ಹತ್ತಿಯಿಂದ ಬೀಜ ಬಿಡಿಸುವ ರೋಲರಿಗೆ ರಬ್ಬರ್ ಬೇಡವಂತೆ, ಕ್ರೋಮಿಯಂ ಹಾಕಿ ಹದಮಾಡಿದ ಆಗಿನ ಕ್ರೋಮ್ ಚರ್ಮವೇ ಬೇಕಂತೆ. ಕಲ್ಕತ್ತೆಯಲ್ಲಿ ಸಿಗುತ್ತದೆಂದು ನನ್ನ ಬೆನ್ನು ಹತ್ತಿದ್ದ. ಇವತ್ತು ಟ್ಯಾಂಗ್ರಾದ ಚರ್ಮದ ಪೇಟೆಗೆ ಹೋಗಿ ಹೊತ್ತುಕೊಂಡು ಬಂದೆ.

ಟ್ಯಾಕ್ಸಿಯಲ್ಲಿ ಆ ವಾಸನೆ ಮೂಗಿಗೆ ಬಡಿದಾಗಲೇ ಇದನ್ನು ಕಳಿಸಬಾರದು ಅನ್ನಿಸಿತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು ನಾನು. ಆ ಚರ್ಮದ ಪುಡಿಯಲ್ಲಿರುವ ಕ್ರೋಮಿಯಂ ಮೂಗನ್ನು ಒಳಗಿಂದ ತಿನ್ನುತ್ತದೆ, ಆಮೇಲೆ ಎದೆಗೆ ಇಳಿಯುತ್ತದೆ. ಅಪ್ಪ ವರ್ಷಗಟ್ಟಲೆ ರೋಲರಿನ ಮುಂದೆ ಕೂತು, ಸವೆದ ಚರ್ಮಕ್ಕೆ ಅರದಿಂದ ಗೀರು ಹಾಕುತ್ತಿದ್ದ. ಸತ್ತಾಗ ಊರೆಲ್ಲ ಹತ್ತಿಯ ಧೂಳು ಎಂದಿತು.

ಸಂಜೆ ಅಣ್ಣನಿಗೆ ವಿಡಿಯೋ ಕಾಲ್ ಮಾಡಿ, ಕಳಿಸುವುದಿಲ್ಲ ಎಂದು ಹೇಳಿಯೇಬಿಟ್ಟೆ.

"ಬ್ಯಾಡಾದ್ರ ಬಿಡು ತಂಗಿ," ಅಂದ. "ಅಪ್ಪನ ಹಳೇ ರೋಲರ್ ಅದಾವಲ್ಲ. ಹೋದ ತಿಂಗಳಿಂದ ಅವನ್ನ ಅರಾ ಹಚ್ಚಿ ತಿಕ್ಕಾಕತ್ತೀನಿ."

ಆಗ ನೋಡಿದೆ. ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ. ಅದು ಕೆಂಪಗಿತ್ತು.

"ಅಣ್ಣಾ, ಏನದು?"

"ಬಿಸಲಿಗೆ ಆಗೇತಿ. ಅಷ್ಟಕ್ಕ ಅಂಜತಾರೇನ?" ಎಂದು ನಕ್ಕ.

ಮೂಗಿನಿಂದ ರಕ್ತ ಬಂದಾಗ ಅಪ್ಪನೂ ಬಿಸಿಲಿಗೆ ಅನ್ನುತ್ತಿದ್ದ. ಶ್ರಾವಣದ ಮಳೆಯಲ್ಲೂ ಹಾಗೇ ಅನ್ನುತ್ತಿದ್ದ.