ಕಂಬಿಯೊಳಗಿನ ಹುಡುಗಿ

ಮಾರ್ಚ್ ೪
ಇವತ್ತಿನಿಂದ ಮತ್ತೆ ಕನ್ನಡಕದ ಅಂಗಡಿ. ಫ್ರೇಮು ಒರೆಸಿದೆ. ಬಂದವರಿಗೆ ಗೋಡೆಯ ಮೇಲಿನ ಅಕ್ಷರ ಓದಿಸಿದೆ. ಹಳೆಯ ಗಿರಾಕಿಯೊಬ್ಬರು ನನ್ನ ಹೊಟ್ಟೆಯತ್ತ ನೋಡಿ, "ಯಾವ ಮಗು ಆಯ್ತಮ್ಮ?" ಅಂದರು.
"ಗಂಡು. ಉಳೀಲಿಲ್ಲ."
ಬೇರೆ ಯಾರದೋ ಸುದ್ದಿ ಹೇಳಿದ ಹಾಗಿತ್ತು. ಅವರೇ ಅತ್ತರು. ಟಿಶ್ಯೂ ಕೊಟ್ಟೆ.

ಮಾರ್ಚ್ ೬
ಇವರು ಊಟ ಮಾಡು ಅಂದರು. ಮಾಡಿದೆ. ಮಲಗು ಅಂದರು. ಮಲಗಿದೆ.
ಮಗಳು ಮೂಲೆ ಹಿಡಿದು ಚಿತ್ರ ಬರೆಯುತ್ತಾಳೆ. ಆರು ವರ್ಷಕ್ಕೆ ಅರವತ್ತರ ಮಾತು ಅಂತ ಗಿಣಿ ಎಂದು ಕರೆದವರು ನಾವೇ. ಈಗ ಸದ್ದೇ ಇಲ್ಲ. ಒಳ್ಳೆಯದೇ ಆಯಿತು ಅಂದುಕೊಂಡೆ.

ಮಾರ್ಚ್ ೧೩, ಮಧ್ಯಾಹ್ನ
ಟೀಚರ್ ಫೋನ್ ಮಾಡಿದರು. ಹೋದೆ. ಮೇಜಿನ ಮೇಲೆ ಗಿಣಿ ಬರೆದ ಚಿತ್ರಗಳನ್ನು ಹರಡಿದರು. ಎಲ್ಲದರಲ್ಲೂ ಜೈಲು. ಕಪ್ಪು ಕಂಬಿ... ಕಾಗದ ಹರಿಯುವಷ್ಟು ಒತ್ತಿದ್ದಾಳೆ. ಒಳಗೆ ಒಬ್ಬಳು ಹುಡುಗಿ, ಇರುವೆಯಷ್ಟು.
"ಕಥೆ ಹೇಳು ಅಂದ್ರೂ ಇದೇ. ಕೆಟ್ಟ ಹುಡುಗಿಗೆ ಶಿಕ್ಷೆ ಆಯ್ತು, ಮುಗೀತು ಅಂತಾಳೆ. ಏನ್ ಮಾಡಿದ್ಲು ಅಂತ ಕೇಳಿದ್ರೆ ತುಟಿ ಪಿಟಕ್ ಅನ್ನಲ್ಲ. ನೀವೊಂದ್ಸಲ ಕೇಳಿ ನೋಡಿ."
ಟಿವಿ ನೋಡಿ ಕಲಿತಿರಬೇಕು ಅಂದೆ.

ಮಾರ್ಚ್ ೧೭
ಕೇಳಬೇಕು. ನಾಳೆ.

ಮಾರ್ಚ್ ೨೩
ಇವತ್ತು ಕೇಳಿದೆ. ಒಗೆದ ಬಟ್ಟೆ ಮಡಚುತ್ತಾ.
"ಆ ಹುಡುಗಿ ಏನೇ ತಪ್ಪು ಮಾಡಿದ್ಲು?"
"ಪಾಪು ಬೇಡ ಅಂದ್ಲು. ಮನಸ್ಸಲ್ಲೇ. ಅದಕ್ಕೆ ಕೇಳಿಸ್ಬಿಡ್ತು. ಹೋಗ್ಬಿಡ್ತು."
ಕೈಯಲ್ಲಿದ್ದ ಟವೆಲ್ ಮಡಚುತ್ತಲೇ ಇದ್ದೆ. ಅಂಗೈಯಷ್ಟಾಯಿತು.
"ಹಾಗಲ್ಲ ಕಣೇ. ಪಾಪುಗೆ ಹೃದಯ ಸರಿಯಾಗಿ ಬೆಳೆದಿರ್ಲಿಲ್ಲ. ಯಾರ ತಪ್ಪೂ ಅಲ್ಲ."
"ಕಥೇಲಿ ಯಾರದ್ದಾದ್ರೂ ತಪ್ಪು ಇರ್ಬೇಕಲ್ಲಮ್ಮ?"
ನಾನೂ ಹುಡುಕುತ್ತಲೇ ಇದ್ದೇನಲ್ಲ — ಡಾಕ್ಟರು, ಇವರು, ನಾನು...

ಮಾರ್ಚ್ ೨೪, ಸಂಜೆ
ಹೊಸ ಚಿತ್ರ. ಅದೇ ಜೈಲು. ಒಳಗೆ ಈಗ ಇಬ್ಬರು. ದೊಡ್ಡವಳ ಜಡೆ ನನ್ನದೇ.
"ನಾನೇನ್ ಮಾಡ್ದೆ?"
"ನೀನೇನೂ ಮಾಡಿಲ್ಲ. ಅವಳೊಬ್ಳೇ ಇದ್ರೆ ಹೆದರ್ತಾಳೆ ಅಂತ ನೀನಾಗೇ ಬಂದಿದ್ದೀಯ."
ಪಕ್ಕದಲ್ಲಿ ಕೂತೆ. ಹಸಿರು ಕ್ರೇಯಾನ್ ತೆಗೆದುಕೊಂಡು ಕಂಬಿಗಳ ಮೇಲೊಂದು ಬಾಗಿಲು ಎಳೆದೆ. ಸೊಟ್ಟ. ತೀರಾ ಗಿಡ್ಡ.
ಗಿಣಿ ತಲೆ ಓರೆ ಮಾಡಿ ನೋಡಿದಳು.
"ಪರವಾಗಿಲ್ಲಮ್ಮ. ಬಗ್ಗಿ ಹೋಗೋಣ."