ಮುಡಬಿಯ ಮೋಡಕ್ಕೆ ಹಚ್ಚಿದ ವಿಭೂತಿ

ಮುಡಬಿ
೧೭ ಜನವರಿ ೨೦೨೫, ಶುಕ್ರವಾರ

ಗೆಳತಿ ಸ್ನೇಹಲಾ,

ನನ್ನ ಕಾಗದ ನೋಡಿ ಗಾಬರಿಯಾಗಬೇಡ, ಮನೆಯಲ್ಲಿ ಎಲ್ಲರೂ ಆರಾಮಾಗಿದ್ದಾರೆ. ಗಾಬರಿಯಾಗಬೇಕಾದ ವಿಷಯ ಬೇರೆ ಇದೆ. ಫೋನಿನಲ್ಲೇ ಹೇಳಬೇಕೆಂದು ಈ ವಾರ ಮೂರು ಸಲ ನಿನ್ನ ನಂಬರ್ ಒತ್ತಿದೆ. ನೀನು ಹಲೋ ಅಂದ ಕೂಡಲೇ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ. ಬರೆದರೆ ನೀನು ನಡುವೆ ಬಾಯಿ ಹಾಕುವುದಿಲ್ಲ, ನಾನೂ ತಪ್ಪಿಸಿಕೊಳ್ಳುವುದಿಲ್ಲ.

ಇಪ್ಪತ್ತೇಳಕ್ಕೆ ಪುಣೆಯಲ್ಲಿ ಪಿಎಚ್‌ಡಿ ಪರೀಕ್ಷಕರ ಮುಂದೆ ಕೂತು, ಮುಡಬಿಯ ಮೋಡದ ನೀರಿನಲ್ಲಿ ಹನ್ನೊಂದು ಚಳಿಗಾಲಗಳಿಂದ ಹುಳಿ ಕಡಿಮೆಯಾಗುತ್ತ ಬಂದಿದೆ ಎಂದು ಹೇಳಲಿದ್ದೀಯಲ್ಲ, ಅದು ನಿಜವಲ್ಲ. ಅದಕ್ಕೆ ಕಾರಣ ನಮ್ಮ ಮನೆ.

ನೀನು ಎಂ.ಎಸ್ಸಿ ಓದುವಾಗ ನಿಮ್ಮ ವಿಭಾಗದವರ ಜೊತೆ ಬಂದು ನಮ್ಮ ಮಾಳಿಗೆಯ ಮೇಲೆ ಆ ಚೌಕಟ್ಟು ನಿಲ್ಲಿಸಿದೆ. ನೆಲಕ್ಕೆ ಇಳಿದ ಮೋಡವೇ ಮಂಜು ಎಂದು ನಮ್ಮತ್ತೆಗೆ ತಿಳಿಸಿ ಹೇಳಿದೆ. ಹೊರಸಿಗೆ ನುಲಿ ಬಿಗಿದ ಹಾಗೆ ಪೈಪುಗಳ ನಡುವೆ ನೈಲಾನ್ ಎಳೆ ಬಿಗಿದಿರಿ. ಮಂಜು ಎಳೆಗೆ ತಾಗಿ, ಹನಿಯಾಗಿ, ಕೆಳಗಿನ ಬಾಟಲಿಗೆ ಇಳಿಯಬೇಕು. ಬೆಳಿಗ್ಗೆ ಅದಕ್ಕೆ ಮೀಟರ್ ಅದ್ದಿ ನಾನು ಸಂಖ್ಯೆ ಕಳಿಸಬೇಕು. ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ಹಿಂದಿನ ಸಂಜೆ ಎಳೆಗಳನ್ನು ಶುದ್ಧ ನೀರಿನಿಂದ ತೊಳೆಯಬೇಕು. ತೊಳೆದೆ, ಜ್ವರ ಬಂದಾಗಲೂ ತಪ್ಪಿಸಲಿಲ್ಲ. ಎಳೆಗಳನ್ನು ಮಾತ್ರ ತೊಳೆದೆ.

ಮೇಲಿನ ಅಡ್ಡ ಪೈಪಿಗೆ ವಿಭೂತಿ ಇತ್ತು. ಮೊದಲ ವರ್ಷದ ದಸರೆಯ ಖಂಡೇಪೂಜೆಗೆ ಅತ್ತೆ ಮಾಣಿಕಮ್ಮ ಕುಡಗೋಲು, ಕೂರಿಗೆ, ಹೊಲಿಗೆ ಮಷೀನು ಎಲ್ಲಕ್ಕೂ ಮೂರು ಬೆರಳು ಎಳೆದು ಮಾಳಿಗೆ ಹತ್ತಿದರು. ಇದಕ್ಕೆ ಬೇಡವೆಂದೆ. “ತಿಂಗಳಾ ನಿನಗ ಪಗಾರ ಕೊಡಸ್ತದ, ಅದಕ್ಕ ವಿಭೂತಿ ಹಚ್ಚಲಾರದ ಹ್ಯಾಂಗ ಬಿಡ್ಲಿ?” ಎಂದರು. ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ, ಮೊದಲ ಮಂಜಿಗೇ ತೊಳೆದುಹೋಗುತ್ತಿತ್ತು. ಮೂರನೇ ವರ್ಷದಿಂದ ಪ್ರತಿ ಸೋಮವಾರ ಹಚ್ಚಿದರು, ಮಾವ ತೀರಿಕೊಂಡ ಮೇಲೆ ದಿನಾ. ಹಚ್ಚಿದ ವಿಭೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಲು ನನಗೆ ಕೈ ಬರಲಿಲ್ಲ. ಬೂದಿ ಹುಳಿಯನ್ನು ತಿಂದುಹಾಕುತ್ತದೆಂದು ನನಗೇನು ಗೊತ್ತು? ಮಂಜಿನ ಜೊತೆ ಅದು ಎಳೆಗುಂಟ ಬಾಟಲಿಗೆ ಇಳಿದಿದೆ. ಪುಣೆಯಲ್ಲಿ ಬಾಟಲಿ ಪರೀಕ್ಷಿಸಿ, ಸುಣ್ಣದ ಅಂಶ ಹೆಚ್ಚಿದ್ದಕ್ಕೆ ರಸ್ತೆ ಕೆಲಸದ ಧೂಳು ಕಾರಣವೆಂದು ನೀನು ಬರೆದಿದ್ದೀ. ನಮ್ಮತ್ತೆಯ ಭಕ್ತಿ ಏರಿದ ಹಾಗೆಲ್ಲ ನಿನ್ನ ನಕ್ಷೆಯ ಗೆರೆ ಏರಿದೆ, ತಾಯಿ. ನಗು ಬಂದರೆ ನಕ್ಕುಬಿಡು. ನನಗಂತೂ ಬರುತ್ತಿಲ್ಲ.

ಈ ಸೋಮವಾರ ಗೊತ್ತಾಯಿತು. ಅತ್ತೆ ಹುಡಗಿ ಊರಿನಲ್ಲಿರುವ ಮಗಳ ಮನೆಗೆ ಹೋಗಿದ್ದರು, ಎರಡು ದಿನ ಯಾರೂ ಹಚ್ಚಿರಲಿಲ್ಲ. ಆರೂವರೆ ತೋರಿಸುತ್ತಿದ್ದ ಮೀಟರ್ ಐದಕ್ಕೆ ಇಳಿಯಿತು. ಕೆಟ್ಟಿದೆ ಎಂದುಕೊಂಡೆ. ಏನೋ ಹೊಳೆದು ಅದೇ ನೀರಿಗೆ ಚಿಟಿಕೆ ವಿಭೂತಿ ಹಾಕಿ ನೋಡಿದೆ. ಸಂಖ್ಯೆ ಸರಸರ ಏರಿತು.

ಬಸವಕಲ್ಯಾಣ, ಮಧ್ಯಾಹ್ನ

ಇಲ್ಲಿ ಅಂಚೆಗೆ ಹಾಕಲು ಬಂದೆ. ಸಾಲಿನಲ್ಲಿ ನನ್ನ ಮುಂದೆ ಇಬ್ಬರೇ ಇದ್ದರು. ಅವರ ಕೆಲಸ ಮುಗಿಯಿತು, ನಾನು ಕೌಂಟರಿಗೆ ಹೋಗದೆ ಹೊರಗೆ ಬಂದೆ. ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ನಿನ್ನ ಪರೀಕ್ಷೆ ಮುಗಿಯಲಿ, ಆಮೇಲೆ ಹೇಳಿದರಾಯಿತು ಅನಿಸುತ್ತದೆ. ನಾಳೆ ಇನ್ನಾರೋ ಬಂದು ಅಳೆದರೆ ಸುಳ್ಳು ಲೆಕ್ಕ ಕೊಟ್ಟವಳೆಂದು ನಿನ್ನ ಕಡೆಯೇ ಬೆರಳು ತೋರಿಸುತ್ತಾರೆ ಎಂದು ಮರುಕ್ಷಣ ಹೆದರಿಕೆಯಾಗುತ್ತದೆ. ಹುಮನಾಬಾದಿನ ಬಸ್ಸು ನಿಂತಿತ್ತು, ಹತ್ತಿದೆ.

ಹುಮನಾಬಾದ್, ಸಂಜೆ ನಾಲ್ಕು

ನಿನ್ನ ಮನೆಯ ಕಟ್ಟೆಯ ಮೇಲೆಯೇ ಕೂತಿದ್ದೇನೆ. ನಿಮ್ಮವ್ವ ಶೇವಂತಾಬಾಯಿ ಒಳಗೆ ಚಹಾ ಮಾಡುತ್ತಿದ್ದಾರೆ. ಪರೀಕ್ಷೆಯ ದಿನ ನೀನು ಉಡಬೇಕೆಂದು ಬಿಳಿ ಸೀರೆ ತಂದಿಟ್ಟಿದ್ದಾರೆ, ಮೂರು ಸಲ ಬಿಚ್ಚಿ ತೋರಿಸಿ ಮೂರು ಸಲ ಮಡಚಿದರು. “ನಮ್ಮ ಮನಿತನದಾಗ ಮೊದಲನೇ ಡಾಕ್ಟರ್ ಆಗಾಕತ್ತಾಳ. ನೀನೂ ಪುಣೇಕ ನಡೀ ವಿಜ್ಜಿ, ನೀ ಇಲ್ಲಾಂದ್ರ ಆಕಿ ಏನು ಬರೀತಿದ್ಳು?” ಎಂದರು. ಆ ಮಾತು ಕೇಳಿ ಈ ಕಾಗದವನ್ನು ಅಲ್ಲೇ ಹರಿದುಬಿಡಬೇಕು ಅನಿಸಿತು. ಅವರಿಗೆ ಏನೂ ಹೇಳಿಲ್ಲ, ಹೇಳುವ ಧೈರ್ಯವೂ ಇಲ್ಲ.

ಆದರೆ ನಿನ್ನ ಹೆಸರು ನಮ್ಮನೆಯ ಬೂದಿಯ ಮೇಲೆ ನಿಲ್ಲಬಾರದು. ಚಹಾ ಕುಡಿದು ನೇರ ಅಂಚೆ ಕಚೇರಿಗೆ ಹೋಗುತ್ತೇನೆ. ನನ್ನ ಕೆಲಸ ಹೋದರೆ ಹೋಗಲಿ. ಎಷ್ಟು ಬೇಕಾದರೂ ಬೈಯಿ, ಮಾತು ಮಾತ್ರ ಬಿಡಬೇಡ.

ಇಷ್ಟೆಲ್ಲ ಆದರೂ ನಿನ್ನವಳೇ,
ವಿಜಯಶ್ರೀ

ತಾ.ಕ.: ಈ ಸೋಮವಾರ ಗೊತ್ತಾಯಿತು ಎಂದು ಬರೆದದ್ದು ಸುಳ್ಳು. ಅದು ಎರಡು ವರ್ಷದ ಹಿಂದಿನ ಸೋಮವಾರ. ಆಗಿನಿಂದ ಪಕ್ಕದಲ್ಲಿ ಬೇರೆ ಎಳೆ ಕಟ್ಟಿ ವಿಭೂತಿ ತಾಗದ ನೀರನ್ನೂ ಅಳೆದಿದ್ದೇನೆ, ಆ ವಹಿ ಇದರ ಜೊತೆಗಿದೆ. ಮೊದಲ ಚಳಿಗಾಲಕ್ಕಿಂತ ಈಗ ಹುಳಿ ಹೆಚ್ಚೇ ಇದೆ. ನಿನಗೆ ಕಳಿಸಿದ್ದು ಮಾತ್ರ ಬೂದಿ ನೀರಿನ ಸಂಖ್ಯೆ. ಸಂಖ್ಯೆ ಇಳಿದ ದಿನ ನೀನು ಬರೀ ಹೆಬ್ಬೆಟ್ಟಿನ ಚಿತ್ರ ಕಳಿಸುತ್ತಿದ್ದೆ. ಏರಿದ ದಿನ ಫೋನ್ ಮಾಡಿ ಅರ್ಧ ಗಂಟೆ ಮಾತಾಡುತ್ತಿದ್ದೆ. ಮಂಡಿನೋವಿನಿಂದ ಅತ್ತೆ ಎರಡು ವರ್ಷದಿಂದ ಮಾಳಿಗೆ ಹತ್ತಿಲ್ಲ. ಹಚ್ಚಿದವಳು ನಾನು.