ಜಗಲಿಯ ಕೊನೆಯ ಗೋಡೆ

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೋ, ಎಷ್ಟು ಬೇಕಾದರೂ ಬೈದುಕೋ. ಕೈನೋವು ಅಂತ ಸುಳ್ಳು ಹೇಳುವುದಿಲ್ಲ. ಮೂರು ಸಲ ಬರೆದು ಹರಿದು ಹಾಕಿದೆ. ನಿನ್ನ ಮಂಡಿ ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ನೀನು ಕೇಳುವವಳಲ್ಲ, ಗೊತ್ತು.

ನಮ್ಮ ಶಾಲೆಯನ್ನು ಒಡೆಯಲು ಶುರುಮಾಡಿದ್ದಾರೆ. ಹೊಸ ಕಟ್ಟಡಕ್ಕೆ ಮೂರು ಅಂತಸ್ತಂತೆ. ನಾನು ಹೇಳಿದ್ದೆನಲ್ಲ, ಶಾಲೆಯ ಇತಿಹಾಸದ ಪುಸ್ತಕ, ಅದು ಕೊನೆಗೂ ನನ್ನ ತಲೆಗೇ ಬಂತು. ಹೆಡ್‌ಮಾಸ್ಟರ್ ಮನೆಗೇ ಬಂದು, "ಮೇಡಂ, ನಿಮ್ಮಷ್ಟು ಹಳಬ್ರು ಯಾರೂ ಉಳಿದಿಲ್ಲ, ನೀವೇ ಬರ್ಕೊಡ್ಬೇಕು" ಎಂದು ಗಂಟುಬಿದ್ದ. ಒಂದನೇ ಕ್ಲಾಸಿನಲ್ಲಿ ಚಡ್ಡಿ ಒದ್ದೆ ಮಾಡಿಕೊಂಡು ನನ್ನ ಕೈ ಹಿಡಿದು ಅಳುತ್ತಿದ್ದವನು ಅವನು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಮೊದಲ ಪುಟಗಳು ಸರಾಗವಾಗಿ ಬಂದವು. ಗ್ಯಾರೇಜಿನ ಹಿಂದಿನ ಗೋದಾಮಿನಲ್ಲಿ ಶಾಲೆ ಶುರುವಾದದ್ದು, ಗೋಡೆಗೇ ಕಪ್ಪು ಬಣ್ಣ ಬಳಿದು ಬೋರ್ಡು ಮಾಡಿದ್ದು, ಮಕ್ಕಳು ಮಗ್ಗಿ ಹೇಳುವಾಗ ಆಚೆಯಿಂದ ಮೆಕ್ಯಾನಿಕ್‌ಗಳೂ ದನಿಗೂಡಿಸುತ್ತಿದ್ದದ್ದು. ಆಮೇಲೆ ಬೀದಿಯವರೇ ಸೇರಿ ಎರಡು ವರ್ಷದ ಭಾನುವಾರಗಳಲ್ಲಿ ಕಟ್ಟಿದ ನಾಲ್ಕು ಕೋಣೆ, ಮುಂದೆ ಉದ್ದದ ಜಗಲಿ. ಬಾಗಿಲೆಲ್ಲ ಮೂಲೆಮನೆ ಬಡಗಿಯದು, ಗೋಡೆಯೆಲ್ಲ ಅಪ್ಪನ ಕೈಯದು. ನೀನು ಬಕೆಟ್ಟಿನಲ್ಲಿ ನೀರು ಹೊತ್ತೆ, ನಾನು ಇಟ್ಟಿಗೆ ಎಣಿಸುವ ನೆಪದಲ್ಲಿ ಮರಳಿನಲ್ಲಿ ಆಡಿದೆ. ಕಿಟಕಿಗಳನ್ನು ಅಪ್ಪ ಕೆಳಮಟ್ಟದಲ್ಲಿಟ್ಟ. "ಬೀದಿ ಕಾಣ್ಬೇಕಾಗಿರೋದು ಮಕ್ಳಿಗೆ, ಮೇಷ್ಟ್ರಿಗಲ್ಲ" ಎಂದಿದ್ದ, ನೆನಪಿದೆಯಾ?

ಜಗಲಿಯ ಕೊನೆಯ ಗೋಡೆಗೆ ಬಂದಾಗ ಪೆನ್ನು ಮುಂದೆ ಹೋಗಲಿಲ್ಲ. ನಾನು ಅಲ್ಲಿ ಟೀಚರಾಗಿ ಸೇರಿದ ಎರಡನೆಯ ವರ್ಷ, ಊಟದ ಬಿಡುವಿನಲ್ಲಿ, ಆ ಗೋಡೆ ಕುಸಿದು ಎರಡನೇ ಕ್ಲಾಸಿನ ಹುಡುಗಿಯ ಕಾಲು ಜಜ್ಜಿಹೋಯಿತು. ಮೇಸ್ತ್ರಿ ಸಿಮೆಂಟ್ ಕದ್ದು ಮರಳು ತುಂಬಿದ ಎಂದು ಬೀದಿಯೆಲ್ಲ ಆಡಿಕೊಂಡಿತು. ಅಪ್ಪನನ್ನು ಮತ್ತೆ ಯಾರೂ ಕೆಲಸಕ್ಕೆ ಕರೆಯಲಿಲ್ಲ. ನಿನ್ನ ಅತ್ತೆಮನೆಯವರು ಚುಚ್ಚಿ ಚುಚ್ಚಿ ನಿನ್ನ ಪ್ರಾಣ ತೆಗೆದರು. ನೀನು ಬಂದು, ನಡುಮನೆಯಲ್ಲಿ ನಿಂತು, "ಎಷ್ಟು ಮೂಟೆ ನುಂಗ್ದೆ, ಹೇಳಪ್ಪಾ?" ಎಂದೆ. ಅಪ್ಪ ಕೂತು ಗಾರೆಯ ಕರಣೆ ಒರೆಸುತ್ತಲೇ ಇದ್ದ. ಅವತ್ತು ಹೋದ ನೀನು ಮತ್ತೆ ಬಂದದ್ದು ಅವನನ್ನು ಮಣ್ಣು ಮಾಡಿದ ಮೇಲೆ.

"ಪುಸ್ತಕದಲ್ಲಿ ಅಪ್ಪನ ಹೆಸರು ಹಾಕಬೇಡ, ಸತ್ತ ಮೇಲಾದರೂ ಮಾನ ಉಳಿಯಲಿ" ಎಂದು ಬರೆದಿದ್ದೀಯ. ಆ ಒಂದು ಸಾಲಿಗೆ ಉತ್ತರ ಕೊಡಲಾಗದೆಯೇ ಎರಡು ತಿಂಗಳು ಕಳೆದೆ.

ಹೋದ ವಾರ ಆ ಗೋಡೆಯ ಹಳೆಯ ಪಾಯ ಅಗೆದರು. ಅದು ಕುಸಿದ ಕಥೆ ಕಂಟ್ರಾಕ್ಟರ್ ಕಿವಿಗೂ ಬಿದ್ದಿತ್ತು. ನನ್ನನ್ನು ಕರೆದು ತೋರಿಸಿದ. "ನೋಡಿ ಮೇಡಂ, ಎಂಥಾ ಗಾರೆ! ಎರಡು ಉಳಿ ಮೊಂಡಾದ್ವು. ಇದು ತಾನಾಗೇ ಬೀಳೋ ಗೋಡೆ ಅಲ್ಲ. ಆಮೇಲೆ ಯಾರೋ ಪಾಯ ಒಡ್ದು ನೀರಿನ ಪೈಪು ತೂರ್ಸಿದಾರೆ. ಒಳಗೊಳಗೇ ಸೋರಿ ಅಡಿಮಣ್ಣೆಲ್ಲ ಕೊಚ್ಕೊಂಡು ಹೋಗಿದೆ."

ಅಕ್ಕಾ, ಅಪ್ಪ ಕದಿಯಲಿಲ್ಲ. ಒಂದು ಹಿಡಿ ಸಿಮೆಂಟೂ ಕದಿಯಲಿಲ್ಲ. ಅತ್ತುಬಿಡು, ಒಳಗೆ ಇಟ್ಟುಕೊಳ್ಳಬೇಡ. ಊರೆಲ್ಲ ಅಂದದ್ದನ್ನೇ ನೀನೂ ಅಂದೆ. ಅಪ್ಪನ ಹೆಸರನ್ನು ಪುಸ್ತಕದಲ್ಲಿ ಹಾಕಿದ್ದೇನೆ, ಒಂದಲ್ಲ ಎರಡು ಕಡೆ.

ಭಾವನಿಗೆ ನಮಸ್ಕಾರ ತಿಳಿಸು. ಮೊಮ್ಮಕ್ಕಳು ನೂರು ಕಾಲ ಚೆನ್ನಾಗಿರಲಿ. ಚಿಕ್ಕವನ ಮುಂದಿನ ಹಲ್ಲು ಬಂತೇ? ನಿನ್ನ ಆಶೀರ್ವಾದ ಕೇಳುವ ಮುಖ ನನಗಿಲ್ಲ, ಅದಕ್ಕೇ ಕೇಳುವುದಿಲ್ಲ.

ನಿನ್ನ ತಂಗಿ,
ಕಡ್ಡಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಪಾಯ ಒಡೆಸಿದ್ದು ನಾನು. ಮಕ್ಕಳು ನೀರಿಗೆಂದು ರಸ್ತೆ ದಾಟಬಾರದು ಎಂದು, ಹೊಸ ಟೀಚರಿನ ಹುಮ್ಮಸ್ಸಿನಲ್ಲಿ, ಪ್ಲಂಬರನ್ನು ಕರೆಸಿ ಜಗಲಿಯಾಚೆ ನಲ್ಲಿ ಹಾಕಿಸಿದೆ. ಅಪ್ಪನನ್ನು ಒಂದು ಮಾತು ಕೇಳಲಿಲ್ಲ. ನಲ್ಲಿ ಎಲ್ಲರಿಗೂ ಕಾಣುತ್ತಿತ್ತು, ಪೈಪು ಎಲ್ಲಿ ಹಾದುಹೋಗಿದೆ ಎಂದು ಯಾರೂ ನೋಡಿರಲಿಲ್ಲ. ಗೋಡೆ ಬಿದ್ದ ಸಂಜೆ ಅಪ್ಪ ಬುಡಕ್ಕೆ ಕೈಹಾಕಿ ಕೆಸರು ತೆಗೆದ. "ಪೈಪು ಎಳೆಸಿದ್ಯಾರು?" ಎಂದ. ನಾನೇ ಎಂದೆ. "ನಿನ್ ಕೆಲ್ಸ ಇನ್ನೂ ಕಾಯಂ ಆಗಿಲ್ಲ. ಬಾಯಿ ಬಿಡ್ಬೇಡ. ಅಕ್ಕನ ಹತ್ರಾನೂ" ಎಂದು ಕಾಲಿನಿಂದ ಮಣ್ಣೆಳೆದು ಮುಚ್ಚಿಬಿಟ್ಟ.

ನೀನು ಅವನನ್ನು ಕೇಳಿದ ದಿನ ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಕೆಲಸ ಕಾಯಂ ಆಯಿತು, ಪೆನ್ಷನ್ನೂ ಬಂತು, ಆದರೂ ಬಾಯಿ ಬಿಡಲಿಲ್ಲ. ಆ ಹುಡುಗಿ ಈಗ ಕುಂಟುತ್ತಲೇ ಮೊಮ್ಮಗಳನ್ನು ಶಾಲೆಗೆ ಬಿಡಲು ಬರುತ್ತಾಳೆ, ನನ್ನನ್ನು ಕಂಡರೆ ಕೈಮುಗಿಯುತ್ತಾಳೆ. ಸೋಮವಾರ ಅವಳ ಮನೆಗೆ ಹೋಗುತ್ತೇನೆ. ಪುಸ್ತಕದಲ್ಲೂ ಬರೆದಿದ್ದೇನೆ, ನನ್ನ ಹೆಸರು ಹಾಕಿಯೇ. ಅಚ್ಚಾಗುವ ಮೊದಲು ನಿನಗೆ ತಿಳಿಯಬೇಕಿತ್ತು.

ಕೊನೆಯ ದಿನ ಅಪ್ಪ ಎರಡು ಸಲ "ದೊಡ್ಡವ್ಳು ಬಂದ್ಲಾ?" ಎಂದು ಕೇಳಿದ. ಬರ್ತಾಳೆ ಎಂದೆ. ನೀನು ಬರದಂತೆ ಮಾಡಿದ್ದು ಯಾರೆಂದು ಅವನಿಗೂ ಗೊತ್ತಿತ್ತು ಅಕ್ಕಾ, ಆದರೂ ನನ್ನ ಕೈ ಹಿಡಿದುಕೊಂಡೇ ಇದ್ದ.